ಮೀನಿನಲ್ಲಿ ಪಾಷಾಣ ಉಂಟಂತೆ, ಹೌದಾ? ‘ಎಷ್ಟು’ ಎನ್ನುವ ಮೊದಲು ‘ಯಾವುದು’ ಎಂದು ಕೇಳೋಣ



ಈ ತಿಂಗಳ ಪಾಠದ ವಿಷಯ ಆರಿಸಿದ್ದು ನೀವೇ. ಕರಾವಳಿಯ ಎರಡು ಮೂರು ಸ್ವಸಹಾಯ ಸಂಘಗಳ ಸಭೆಯಲ್ಲಿ ಒಂದೇ ಪ್ರಶ್ನೆ ಬಂತು. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಒಬ್ಬ ಅಕ್ಕ ಹೀಗೆ ಹೇಳಿದರು: “ಸಿಸ್ಟರ್, ಲ್ಯಾಬಿನ ಕಾಗದ ಅಂತ ಮೊಬೈಲಿನಲ್ಲಿ ತೋರಿಸ್ತಾರೆ. ಮೀನಿನಲ್ಲಿ ಕೆ.ಜಿ.ಗೆ ಮೂರು ಮಿಲಿಗ್ರಾಂ ಆರ್ಸೆನಿಕ್ ಅಂತ ಅದರಲ್ಲಿ ಬರೆದದ್ದು ಉಂಟು. ಬಸುರಿ ಸೊಸೆಗೆ ಇನ್ನು ಮೀನು ಕೊಡುವುದಿಲ್ಲ ಅಂತ ಒಂದು ಮನೆಯ ಅತ್ತೆ ಹೇಳಿದ್ರು. ನಾನು ಏನು ಉತ್ತರ ಕೊಡಲಿ?”

ಇದು ಆ ಅಕ್ಕನ ವ್ಯಾಪಾರದ ಪ್ರಶ್ನೆ, ಆ ಬಸುರಿಯ ಊಟದ ಪ್ರಶ್ನೆಯೂ ಹೌದು. ಬೂತಾಯಿ, ಬಂಗುಡೆ ನಮ್ಮ ಬಡ ಮನೆಗಳಿಗೆ ಅಗ್ಗದಲ್ಲಿ ಸಿಗುವ ಒಳ್ಳೆಯ ಆಹಾರ. ಹೆದರಿ ಅದನ್ನು ಬಿಟ್ಟರೆ ನಷ್ಟ ತಾಯಿಗೆ ಮತ್ತು ಹೊಟ್ಟೆಯೊಳಗಿನ ಮಗುವಿಗೆ. ಹಾಗಂತ ಆರ್ಸೆನಿಕ್ ಎಂದರೆ ಆಟದ ವಸ್ತುವೂ ಅಲ್ಲ. ಆದ್ದರಿಂದ ಸರಿಯಾಗಿ ತಿಳಿದುಕೊಳ್ಳೋಣ. ಪಾಠ ಸ್ವಲ್ಪ ಉದ್ದ ಉಂಟು. ಎರಡು ಸಭೆಗಳಲ್ಲಿ ಓದಬಹುದು.

1. ಒಂದೇ ಹೆಸರು, ಹಲವು ರೂಪ

ಆರ್ಸೆನಿಕ್ ಎನ್ನುವುದು ಒಂದು ಮೂಲವಸ್ತು. ಬಂಡೆಯಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ನಮ್ಮ ಹಿರಿಯರು ಪಾಷಾಣ, ಶಂಖಪಾಷಾಣ ಎಂದು ಹೇಳುತ್ತಿದ್ದುದು ಇದರ ಒಂದು ರೂಪವನ್ನೇ. ಆದರೆ ಆರ್ಸೆನಿಕ್ ಯಾವಾಗಲೂ ಒಂಟಿಯಾಗಿ ಇರುವುದಿಲ್ಲ. ಬೇರೆ ಬೇರೆ ವಸ್ತುಗಳ ಜೊತೆ ಕೂಡಿಕೊಂಡು ಬೇರೆ ಬೇರೆ ರೂಪ ತಾಳುತ್ತದೆ, ರೂಪ ಬದಲಾದ ಹಾಗೆ ಗುಣವೂ ಬದಲಾಗುತ್ತದೆ.

ನಮಗೆ ಗೊತ್ತಿರುವ ಉದಾಹರಣೆ ತಗೊಳ್ಳಿ. ಕ್ಲೋರಿನ್ ಅನಿಲವನ್ನು ಉಸಿರಾಡಿದರೆ ಪ್ರಾಣಕ್ಕೆ ಅಪಾಯ. ಅದೇ ಕ್ಲೋರಿನ್ ಸೋಡಿಯಂ ಜೊತೆ ಕೂಡಿದರೆ ನಾವು ದಿನಾ ಸಾರಿಗೆ ಹಾಕುವ ಉಪ್ಪು. ಆರ್ಸೆನಿಕ್‌ನ ಕಥೆಯೂ ಹೀಗೆಯೇ. ಮುಖ್ಯ ರೂಪಗಳು ಇವು:

ಅ) ನಿರವಯವ ಆರ್ಸೆನಿಕ್: ಆರ್ಸೆನೈಟ್ ಮತ್ತು ಆರ್ಸೆನೇಟ್ ಎಂಬ ಎರಡು ರೂಪಗಳು. ಬೋರ್‌ವೆಲ್ ನೀರಿನಲ್ಲಿ ಇರುವುದು ಮುಖ್ಯವಾಗಿ ಇವೇ. ಅಕ್ಕಿಯಲ್ಲೂ ಇರುತ್ತವೆ. ವಿಷ ಎಂದರೆ ಇವು. ವರ್ಷಗಟ್ಟಲೆ ದೇಹಕ್ಕೆ ಹೋದರೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಕ್ಯಾನ್ಸರ್ ಬರಬಹುದು.

ಆ) ಮಧ್ಯದ ರೂಪಗಳು: ಎಂ.ಎಂ.ಎ., ಡಿ.ಎಂ.ಎ. ಎಂದು ಚಿಕ್ಕದಾಗಿ ಕರೆಯುತ್ತಾರೆ. ಅಕ್ಕಿಯಲ್ಲಿ ಡಿ.ಎಂ.ಎ. ಸಾಕಷ್ಟು ಇರುತ್ತದೆ. ನಾವು ತಿಂದ ನಿರವಯವ ಆರ್ಸೆನಿಕ್ಕನ್ನು ನಮ್ಮ ದೇಹವೂ ಈ ರೂಪಗಳಿಗೆ ಬದಲಾಯಿಸಿ ಮೂತ್ರದಲ್ಲಿ ಹೊರಹಾಕುತ್ತದೆ.

ಇ) ಆರ್ಸೆನೋಬೀಟೈನ್: ಸಮುದ್ರದ ಮೀನು, ಸಿಗಡಿ, ಏಡಿಗಳಲ್ಲಿ ಇರುವ ಆರ್ಸೆನಿಕ್‌ನ ಬಹುಪಾಲು ಇದೇ. ದೇಹದಲ್ಲಿ ಇದು ಬದಲಾಗುವುದಿಲ್ಲ. ಬಂದ ಹಾಗೆಯೇ ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ.

ಈ) ಆರ್ಸೆನೋಸಕ್ಕರೆಗಳು ಮತ್ತು ಆರ್ಸೆನೋಲಿಪಿಡ್‌ಗಳು: ಮೊದಲನೆಯದು ಸಮುದ್ರದ ಪಾಚಿ ಮತ್ತು ಚಿಪ್ಪುಮೀನುಗಳಲ್ಲಿ, ಎರಡನೆಯದು ಕೊಬ್ಬಿರುವ ಮೀನಿನ ಎಣ್ಣೆಯಲ್ಲಿ. ಇವು ನಮ್ಮ ದೇಹದಲ್ಲಿ ಸ್ವಲ್ಪ ಮಟ್ಟಿಗೆ ಡಿ.ಎಂ.ಎ. ಆಗಿ ಬದಲಾಗುತ್ತವೆ. ಆದ್ದರಿಂದ ಆರ್ಸೆನೋಬೀಟೈನ್‌ನಷ್ಟು ನಿರುಪದ್ರವಿ ಎಂದು ಇವಕ್ಕೆ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ‘ಇ’ ಮತ್ತು ‘ಈ’ ಗುಂಪಿನವನ್ನು ‘ಸಾವಯವ ಆರ್ಸೆನಿಕ್’ ಎಂದು ಬರೆಯುತ್ತಾರೆ. ಇದಕ್ಕೂ ನಮ್ಮ ಸಾವಯವ ಕೃಷಿಗೂ ಸಂಬಂಧವೇ ಇಲ್ಲ. ಇಲ್ಲಿ ಸಾವಯವ ಎಂದರೆ ಇಂಗಾಲದ ಜೊತೆ ಕೂಡಿದ್ದು ಎಂದಷ್ಟೇ ಅರ್ಥ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ನಿರವಯವ ಆರ್ಸೆನಿಕ್ ಮೊದಲ ಗುಂಪಿನಲ್ಲಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದದ್ದು. ಡಿ.ಎಂ.ಎ., ಎಂ.ಎಂ.ಎ. ‘2ಬಿ’ ಗುಂಪಿನಲ್ಲಿವೆ, ತರುವ ಸಾಧ್ಯತೆ ಇರುವಂಥವು. ಆರ್ಸೆನೋಬೀಟೈನ್ 3ನೇ ಗುಂಪಿನಲ್ಲಿದೆ. ಕ್ಯಾನ್ಸರ್ ತರುವಂಥದ್ದು ಎಂದು ಹೇಳಲು ಆಧಾರ ಸಾಲದು. ಹೆಸರು ಒಂದೇ ಆದರೂ ಕೂರಿಸಿದ ಬೆಂಚು ಬೇರೆ ಬೇರೆ.

2. ಮೀನಿಗೆ ಇದು ಎಲ್ಲಿಂದ ಬಂತು?

ಯಾರೋ ವಿಷ ಸುರಿದದ್ದರಿಂದ ಬಂದದ್ದಲ್ಲ. ಸಮುದ್ರದ ನೀರಿನಲ್ಲಿ ಸಹಜವಾಗಿಯೇ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಆರ್ಸೆನಿಕ್ ಇರುತ್ತದೆ. ಅದು ಹೆಚ್ಚಾಗಿ ಆರ್ಸೆನೇಟ್ ರೂಪದಲ್ಲಿ. ಈ ಆರ್ಸೆನೇಟ್ ನೋಡಲು ಫಾಸ್ಫೇಟಿನ ಹಾಗೆಯೇ ಇರುತ್ತದೆ. ಫಾಸ್ಫೇಟ್ ಗಿಡಪಾಚಿಗಳಿಗೆ ಗೊಬ್ಬರ. ಸಮುದ್ರದ ಸಣ್ಣ ಪಾಚಿಗಳು ಗೊಬ್ಬರ ಎಂದುಕೊಂಡು ಆರ್ಸೆನೇಟನ್ನೂ ಒಳಗೆ ಸೇರಿಸಿಕೊಳ್ಳುತ್ತವೆ. ಒಳಗೆ ಬಂದ ಮೇಲೆ ಅದರ ವಿಷ ಕಡಿಮೆ ಮಾಡಿಕೊಳ್ಳಲು ಬೇರೆ ರೂಪಕ್ಕೆ ಬದಲಾಯಿಸುತ್ತವೆ. ಪಾಚಿಯನ್ನು ಸಣ್ಣ ಜೀವಿಗಳು, ಅವನ್ನು ಮೀನುಗಳು ತಿನ್ನುವ ಸರಪಳಿಯಲ್ಲಿ ಕೊನೆಗೆ ಮೀನಿನ ಮಾಂಸದಲ್ಲಿ ಉಳಿಯುವುದು ಮುಖ್ಯವಾಗಿ ಆರ್ಸೆನೋಬೀಟೈನ್. ನದಿ, ಕೆರೆಯ ಮೀನುಗಳಲ್ಲಿ ಸಾಮಾನ್ಯವಾಗಿ ಒಟ್ಟು ಆರ್ಸೆನಿಕ್ ಸಮುದ್ರದ ಮೀನಿಗಿಂತ ಬಹಳ ಕಡಿಮೆ.

ಇದು ತಿಳಿಯಲು ವಿಜ್ಞಾನಕ್ಕೂ ಬಹಳ ಕಾಲ ಬೇಕಾಯಿತು. 1926ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಚಾಪ್‌ಮನ್ ಎಂಬವರು ಏಡಿ, ಲಾಬ್‌ಸ್ಟರ್, ಚಿಪ್ಪುಮೀನುಗಳಲ್ಲಿ ಆರ್ಸೆನಿಕ್ ಇರುವುದನ್ನು ವರದಿ ಮಾಡಿದರು. ಇಷ್ಟು ಇದ್ದರೂ ತಿಂದವರು ಯಾಕೆ ಸಾಯುವುದಿಲ್ಲ ಎಂಬ ಪ್ರಶ್ನೆ ಎದ್ದಿತು. 1935ರಲ್ಲಿ ಅಮೆರಿಕದಲ್ಲಿ ಕೌಲ್ಸನ್ ಮತ್ತು ಸಂಗಡಿಗರು ಕೆಲವು ಇಲಿಗಳಿಗೆ ಸಿಗಡಿಯ ಆರ್ಸೆನಿಕ್ಕನ್ನೂ ಕೆಲವಕ್ಕೆ ಪಾಷಾಣವನ್ನೂ ತಿನ್ನಿಸಿ ನೋಡಿದರು. ಪಾಷಾಣ ದೇಹದಲ್ಲಿ ಉಳಿಯಿತು, ಸಿಗಡಿಯದ್ದು ಬಹುತೇಕ ಹೊರಗೆ ಹೋಯಿತು. 1977ರಲ್ಲಿ ಆಸ್ಟ್ರೇಲಿಯಾದಲ್ಲಿ ಎಡ್ಮಂಡ್ಸ್, ಫ್ರಾಂಚೆಸ್ಕೋನಿ ಮತ್ತು ಸಂಗಡಿಗರು ಅಲ್ಲಿನ ಲಾಬ್‌ಸ್ಟರ್‌ನಿಂದ ಆ ವಸ್ತುವನ್ನು ಬೇರ್ಪಡಿಸಿ ಅದು ಆರ್ಸೆನೋಬೀಟೈನ್ ಎಂದು ತೋರಿಸಿಕೊಟ್ಟರು. 1985ರಲ್ಲಿ ಜಪಾನಿನ ವಿಜ್ಞಾನಿಗಳು ಸುಂಡಿಲಿಗಳ ಮೇಲೆ ಮಾಡಿದ ಪರೀಕ್ಷೆ ಇನ್ನೂ ಸ್ಪಷ್ಟ: ದೇಹತೂಕದ ಕೆ.ಜಿ.ಗೆ ಸುಮಾರು 34 ಮಿಲಿಗ್ರಾಂ ಪಾಷಾಣ ಕೊಟ್ಟರೆ ಅರ್ಧ ಇಲಿಗಳು ಸಾಯುತ್ತವೆ. ಆರ್ಸೆನೋಬೀಟೈನ್‌ನಲ್ಲಿ ಆ ಮಿತಿ ಕೆ.ಜಿ.ಗೆ 10 ಗ್ರಾಂಗಿಂತಲೂ ಮೇಲೆ. ಅಂದರೆ ಸುಮಾರು 290 ಪಟ್ಟಿಗಿಂತಲೂ ಹೆಚ್ಚು!

3. ಲ್ಯಾಬಿನಲ್ಲಿ ಹೇಗೆ ಅಳೆಯುತ್ತಾರೆ?

ಇದು ಪಾಠದ ಮುಖ್ಯ ಭಾಗ. ಅಳೆಯಲು ಎರಡು ದಾರಿ ಉಂಟು.

ಮೊದಲನೆಯದು ಒಟ್ಟು ಅಳತೆ. ಮೀನಿನ ಮಾಂಸವನ್ನು ಗಟ್ಟಿ ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಪೂರ್ತಿ ಕರಗಿಸುತ್ತಾರೆ. ಆಗ ಎಲ್ಲ ರೂಪಗಳೂ ಒಡೆದು ಒಂದಾಗುತ್ತವೆ. ಬರುವುದು ಒಂದೇ ಸಂಖ್ಯೆ: ‘ಒಟ್ಟು ಆರ್ಸೆನಿಕ್ ಇಷ್ಟು’. ಇದು ಸುಲಭ, ಖರ್ಚೂ ಕಡಿಮೆ. ಆದರೆ ‘ಮನೆಗೆ ಹತ್ತು ಜನ ಬಂದರು’ ಎಂದರೆ ಏನು ತಿಳಿಯಿತು? ಬಂದವರು ನೆಂಟರೋ ಕಳ್ಳರೋ ಗೊತ್ತಾಗಲಿಲ್ಲವಲ್ಲ!

ಎರಡನೆಯದು ರೂಪಗಳನ್ನು ಬಿಡಿಸಿ ಅಳೆಯುವುದು. ಬಂದರಿನಲ್ಲಿ ಬಲೆ ಎಳೆದಾಗ ಏನು ಮಾಡ್ತೀರಿ? ರಾಶಿಯನ್ನು ಹಾಗೆಯೇ ತೂಗುವುದಿಲ್ಲ. ಬಂಗುಡೆ ಬೇರೆ, ಬೂತಾಯಿ ಬೇರೆ, ಸಿಗಡಿ ಬೇರೆ ಎಂದು ಆರಿಸಿ ಒಂದೊಂದನ್ನೇ ತಕ್ಕಡಿಗೆ ಹಾಕ್ತೀರಿ. ಲ್ಯಾಬಿನಲ್ಲಿಯೂ ಅದೇ ಕೆಲಸ:

* ತಯಾರಿ: ತಿನ್ನುವ ಭಾಗವನ್ನು ಮಾತ್ರ ತೆಗೆದು, ನುಣ್ಣಗೆ ಅರೆದು, ತಣ್ಣಗೆ ಇಡುತ್ತಾರೆ. ಬೇಕಾಬಿಟ್ಟಿ ಇಟ್ಟರೆ ಒಂದು ರೂಪ ಇನ್ನೊಂದಾಗಿ ಬದಲಾಗಬಹುದು.

* ತಿಳಿ ತೆಗೆಯುವುದು: ಗಟ್ಟಿ ಆಮ್ಲ ಹಾಕಿದರೆ ರೂಪ ಒಡೆದು ಹೋಗುತ್ತದೆ. ಆದ್ದರಿಂದ ತೆಳು ಆಮ್ಲದಲ್ಲಿ, ಇಲ್ಲವೇ ನೀರು ಮತ್ತು ಮೆಥನಾಲ್ ಬೆರೆಸಿದ್ದರಲ್ಲಿ ಮೆಲ್ಲಗೆ ಬಿಸಿ ಮಾಡಿ ಅಥವಾ ಕಲಕಿ ತಿಳಿ ತೆಗೆಯುತ್ತಾರೆ. ಬೇಳೆ ಕದಡದೆ ಸಾರಿನ ತಿಳಿ ತೆಗೆದ ಹಾಗೆ.

* ಬೇರ್ಪಡಿಸುವುದು: ಆ ತಿಳಿಯನ್ನು ಎಚ್.ಪಿ.ಎಲ್.ಸಿ. ಎಂಬ ಯಂತ್ರದ ಸಣ್ಣ ಕೊಳವೆಯ ಮೂಲಕ ಒತ್ತಿ ಹಾಯಿಸುತ್ತಾರೆ. ಕೊಳವೆಯೊಳಗಿನ ಪುಡಿಗೆ ಕೆಲವು ರೂಪ ಹೆಚ್ಚು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಆದ್ದರಿಂದ ಒಂದೊಂದೇ ಬೇರೆ ಬೇರೆ ಹೊತ್ತಿಗೆ ಹೊರಗೆ ಬರುತ್ತವೆ.

* ಎಣಿಸುವುದು: ಹೊರಬಂದದ್ದನ್ನು ಐ.ಸಿ.ಪಿ.-ಎಂ.ಎಸ್. ಎಂಬ ಯಂತ್ರ ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಅನಿಲದ ಜ್ವಾಲೆಯಲ್ಲಿ ಒಡೆದು, 75 ತೂಕದ ಕಣಗಳನ್ನು ಎಣಿಸುತ್ತದೆ. ಆರ್ಸೆನಿಕ್ ಪರಮಾಣುವಿನ ತೂಕ 75.

ಇಲ್ಲಿ ಎರಡು ಮೋಸಗಳು ಆಗಬಹುದು. ನುರಿತ ಲ್ಯಾಬಿನವರಿಗೆ ಎರಡೂ ಗೊತ್ತಿರುತ್ತವೆ.

ಒಂದು, ಉಪ್ಪಿನ ಮೋಸ. ಸಮುದ್ರದ ಮೀನಿನಲ್ಲಿ ಉಪ್ಪು, ಉಪ್ಪಿನಲ್ಲಿ ಕ್ಲೋರಿನ್. ಜ್ವಾಲೆಯ ಆರ್ಗಾನ್ (ತೂಕ 40) ಕ್ಲೋರಿನ್ (ತೂಕ 35) ಜೊತೆ ಸೇರಿದರೆ 75! ಯಂತ್ರ ಅದನ್ನೂ ಆರ್ಸೆನಿಕ್ ಎಂದು ಎಣಿಸಿಬಿಡುತ್ತದೆ. ಇದನ್ನು ತಪ್ಪಿಸಲು ಹೀಲಿಯಂ ಅನಿಲ ತುಂಬಿದ ಕೋಣೆಯ ಮೂಲಕ ಕಣಗಳನ್ನು ಹಾಯಿಸುತ್ತಾರೆ.

ಎರಡು, ಬಾಗಿಲಿನ ಮೋಸ. ಸಾಮಾನ್ಯವಾಗಿ ಬಳಸುವ ಕೊಳವೆಯಲ್ಲಿ ಬಹಳ ಕೆಟ್ಟದಾದ ಆರ್ಸೆನೈಟ್ ಮತ್ತು ನಿರುಪದ್ರವಿಯಾದ ಆರ್ಸೆನೋಬೀಟೈನ್ ಎರಡೂ ಹೆಚ್ಚು ಕಡಿಮೆ ಒಟ್ಟಿಗೆ, ಬೇಗನೆ ಹೊರಬರುತ್ತವೆ. ನೋಡದೆ ಎಣಿಸಿದರೆ ನೆಂಟನೇ ಕಳ್ಳನ ಲೆಕ್ಕಕ್ಕೆ ಸೇರುತ್ತಾನೆ. ಆದ್ದರಿಂದ ಮೊದಲೇ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ಆಗ ಆರ್ಸೆನೈಟ್ ಎಲ್ಲವೂ ಆರ್ಸೆನೇಟ್ ಆಗಿ, ತಡವಾಗಿ, ಪ್ರತ್ಯೇಕವಾಗಿ ಬರುತ್ತದೆ. ಎರಡೂ ನಿರವಯವವೇ ಆದ್ದರಿಂದ ಒಟ್ಟು ಸೇರಿಸಿ ‘ನಿರವಯವ ಆರ್ಸೆನಿಕ್’ ಎಂದು ಬರೆದರೆ ಸಾಕು.

ಲ್ಯಾಬಿನ ಕೆಲಸ ಸರಿ ಉಂಟಾ ಎಂದು ನೋಡಲು ‘ಮಾದರಿ ವಸ್ತು’ಗಳು ಸಿಗುತ್ತವೆ. ನಮ್ಮ ತಕ್ಕಡಿಗೆ ಮುದ್ರೆ ಹಾಕಿದ ತೂಕದ ಕಲ್ಲು ಇದ್ದ ಹಾಗೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೊಡುವ ‘1568ಬಿ’ ಎಂಬ ಅಕ್ಕಿಹಿಟ್ಟಿನಲ್ಲಿ ಕೆ.ಜಿ.ಗೆ ಒಟ್ಟು ಆರ್ಸೆನಿಕ್ 0.285 ಮಿಲಿಗ್ರಾಂ. ಅದರೊಳಗೆ ನಿರವಯವ 0.092, ಡಿ.ಎಂ.ಎ. 0.180, ಎಂ.ಎಂ.ಎ. ಸುಮಾರು 0.012. ಯಾವ ಲ್ಯಾಬು ಪರೀಕ್ಷಿಸಿದರೂ ಈ ಸಂಖ್ಯೆಗಳ ಹತ್ತಿರವೇ ಬರಬೇಕು. ಬಿಡಿ ಬಿಡಿಯಾದದ್ದನ್ನು ಕೂಡಿಸಿದರೆ ಒಟ್ಟಿಗೆ ಹೊಂದಬೇಕು. ಸಂಘದ ಲೆಕ್ಕಪುಸ್ತಕದ ಹಾಗೆಯೇ!

ಇದೇ ಅಕ್ಕಿಹಿಟ್ಟು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗವಾದ ಕೋಡೆಕ್ಸ್ 2014ರಲ್ಲಿ ಪಾಲಿಶ್ ಅಕ್ಕಿಗೆ ಕೆ.ಜಿ.ಗೆ 0.2 ಮಿಲಿಗ್ರಾಂ ನಿರವಯವ ಆರ್ಸೆನಿಕ್ ಎಂದು ಮಿತಿ ಹಾಕಿತು. ಒಟ್ಟು ಸಂಖ್ಯೆ ನೋಡಿದರೆ 0.285, ಫೇಲ್. ರೂಪ ನೋಡಿದರೆ 0.092, ಪಾಸ್. ಅದಕ್ಕೇ ಕೋಡೆಕ್ಸ್ ಹೇಳುವುದು: ಬೇಕಾದರೆ ಮೊದಲು ಒಟ್ಟು ಅಳೆಯಿರಿ, ಅದೇ 0.2ರ ಒಳಗೆ ಇದ್ದರೆ ಮುಂದೆ ಪರೀಕ್ಷೆ ಬೇಡ. ಮೀರಿದರೆ ಮಾತ್ರ ನಿರವಯವವನ್ನು ಬೇರೆಯಾಗಿ ಅಳೆಯಿರಿ. ಖರ್ಚೂ ಉಳಿಯುತ್ತದೆ, ನ್ಯಾಯವೂ ಸಿಗುತ್ತದೆ.

4. ಒಂದು ಲೆಕ್ಕ ಮಾಡಿ ನೋಡೋಣ

ಕರಿಹಲಗೆಯಲ್ಲಿ ಬರೆದುಕೊಳ್ಳಿ. ಕೆ.ಜಿ.ಗೆ 1 ಮಿಲಿಗ್ರಾಂ ಎಂದರೆ ಒಂದು ಟನ್‌ನಲ್ಲಿ 1 ಗ್ರಾಂ. ಲೀಟರಿಗೆ 10 ಮೈಕ್ರೋಗ್ರಾಂ ಎಂದರೆ ಒಂದು ಲಕ್ಷ ಲೀಟರಿನಲ್ಲಿ 1 ಗ್ರಾಂ. 1000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ.

ಒಬ್ಬ ತಾಯಿ ದಿನಕ್ಕೆ 100 ಗ್ರಾಂ ಮೀನು ತಿಂದು, 300 ಗ್ರಾಂ ಅಕ್ಕಿಯ ಅನ್ನ ಉಂಡು, 3 ಲೀಟರ್ ನೀರು ಕುಡಿಯುತ್ತಾಳೆ ಎಂದು ಇಟ್ಟುಕೊಳ್ಳಿ. (ಇದು ಲೆಕ್ಕ ಕಲಿಯಲು ಇಟ್ಟ ಉದಾಹರಣೆ, ಯಾವ ಊರಿನ ವರದಿಯೂ ಅಲ್ಲ.)

* ಮೀನು: ಕೆ.ಜಿ.ಗೆ 3 ಮಿಲಿಗ್ರಾಂ ಒಟ್ಟು ಆರ್ಸೆನಿಕ್. 100 ಗ್ರಾಂನಲ್ಲಿ 300 ಮೈಕ್ರೋಗ್ರಾಂ. ಅದರಲ್ಲಿ ನಿರವಯವ ನೂರಕ್ಕೆ ಒಂದು ಪಾಲು ಎಂದರೆ 3 ಮೈಕ್ರೋಗ್ರಾಂ.
* ಅಕ್ಕಿ: ಕೆ.ಜಿ.ಗೆ 0.1 ಮಿಲಿಗ್ರಾಂ ನಿರವಯವ. 300 ಗ್ರಾಂನಲ್ಲಿ 30 ಮೈಕ್ರೋಗ್ರಾಂ.
* ಒಳ್ಳೆಯ ನೀರು: ಮಿತಿಯಷ್ಟೇ, ಅಂದರೆ ಲೀಟರಿಗೆ 10 ಮೈಕ್ರೋಗ್ರಾಂ ಇದ್ದರೆ 3 ಲೀಟರಿಗೆ 30 ಮೈಕ್ರೋಗ್ರಾಂ.
* ಕೆಟ್ಟ ನೀರು: ಲೀಟರಿಗೆ 200 ಮೈಕ್ರೋಗ್ರಾಂ ಇದ್ದರೆ 3 ಲೀಟರಿಗೆ 600 ಮೈಕ್ರೋಗ್ರಾಂ.

ನೋಡಿ, ಲ್ಯಾಬಿನ ಕಾಗದದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂಖ್ಯೆ ಮೀನಿನದ್ದು. ದೇಹಕ್ಕೆ ವಿಷ ತಂದದ್ದರಲ್ಲಿ ಎಲ್ಲಕ್ಕಿಂತ ಚಿಕ್ಕದು ಅದರದ್ದೇ. ಬಣ್ಣ, ರುಚಿ, ವಾಸನೆ ಏನೂ ಇಲ್ಲದ ಆ ನೀರಿನ ಬಗ್ಗೆ ಮೊಬೈಲಿನಲ್ಲಿ ಯಾರೂ ಸುದ್ದಿ ಕಳಿಸುವುದಿಲ್ಲ.

5. ನಿಜವಾದ ಅಪಾಯ ನೀರಿನಲ್ಲಿ

ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 10 ಮೈಕ್ರೋಗ್ರಾಂ ಎಂದು ಮಿತಿ ಇಟ್ಟಿದೆ. ನಮ್ಮ ದೇಶದ ಮಾನದಂಡದಲ್ಲಿಯೂ ಒಪ್ಪಬಹುದಾದ ಮಿತಿ ಅದೇ, 0.01 ಮಿಲಿಗ್ರಾಂ. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿ ನೀರಿನಿಂದ ಚರ್ಮರೋಗ ಬಂದವರನ್ನು 1983ರಲ್ಲಿ ಕೋಲ್ಕತ್ತಾದ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಗುರುತಿಸಿದರು. ಕೆರೆನೀರಿನಿಂದ ಬರುವ ಭೇದಿ ತಪ್ಪಿಸಲು ಒಳ್ಳೆಯ ಮನಸ್ಸಿನಿಂದ ತೋಡಿದ ಬಾವಿಗಳೇ ಆ ಭಾಗದಲ್ಲಿ ಲಕ್ಷಾಂತರ ಜನರಿಗೆ ವಿಷ ಕುಡಿಸಿದವು.

ನಮ್ಮ ರಾಜ್ಯದಲ್ಲಿಯೂ ಇದು ಉಂಟು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರು ಇದೆ. ನಮ್ಮ ಕರಾವಳಿಯ ಮಂಗಳೂರು ಅಲ್ಲ. ಆ ಸುತ್ತಿನ ಬಂಡೆಗಳಲ್ಲಿ ಚಿನ್ನವಿದೆ, ಚಿನ್ನದ ಜೊತೆ ಆರ್ಸೆನಿಕ್ ಇರುವ ಖನಿಜವೂ ಇದೆ. ಹಳೆಯ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಜನ ಕುಡಿಯುತ್ತಿದ್ದ ಕೊಳವೆಬಾವಿ ನೀರಿನಲ್ಲಿ ಅದು ಸೇರಿಕೊಂಡಿತ್ತು. ಜಾದವಪುರ ವಿಶ್ವವಿದ್ಯಾಲಯದ ಡಾ. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರು ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಆ ತಾಂಡಾದ ಲಂಬಾಣಿ ತಾಯಂದಿರು ಸಮುದ್ರದ ಮೀನು ತಿಂದು ಕಾಯಿಲೆ ಬಿದ್ದವರಲ್ಲ, ಕೊಡದ ನೀರು ಕುಡಿದು ಬಿದ್ದವರು.

ಗುರುತುಗಳು ಯಾವುವು? ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು, ಬಿಳಿ ಚುಕ್ಕೆಗಳು. ಒಂದೇ ಬಾವಿಯ ನೀರು ಕುಡಿಯುವ ಹಲವರಲ್ಲಿ ಹೀಗೆ ಕಂಡರೆ ‘ಕುಷ್ಠ’ ಎಂದು ದೂರ ಮಾಡಬೇಡಿ. ಇದು ಅಂಟುರೋಗವಲ್ಲ. ಆಶಾ ಕಾರ್ಯಕರ್ತೆಗೆ ತಿಳಿಸಿ, ನೀರಿನ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು ನೆನಪಿಡಿ: ಕುದಿಸಿದರೆ ರೋಗಾಣು ಸಾಯುತ್ತದೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚಾಗುತ್ತದೆ.

6. ಅಕ್ಕಿಯ ವಿಷಯ

ಭತ್ತದ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಮಣ್ಣಿಗೆ ಗಾಳಿ ಸಿಗದೆ ಆರ್ಸೆನೇಟ್ ಆರ್ಸೆನೈಟ್ ಆಗುತ್ತದೆ. ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಹೀರುತ್ತದೆ. ರಾಗಿ, ಜೋಳದ ಹೊಲದಲ್ಲಿ ನೀರು ನಿಲ್ಲದ ಕಾರಣ ಈ ತೊಂದರೆ ಅಷ್ಟಿಲ್ಲ. ಅಕ್ಕಿಯ ತೌಡಿನ ಪದರದಲ್ಲಿ ಹೆಚ್ಚು ಇರುವುದರಿಂದ ಕೋಡೆಕ್ಸ್ 2016ರಲ್ಲಿ ಪಾಲಿಶ್ ಮಾಡದ ಅಕ್ಕಿಗೆ 0.35 ಎಂದು ಬೇರೆ ಮಿತಿ ಇಟ್ಟಿತು. ಹಾಗೆಂದು ಕೆಂಪಕ್ಕಿ ಬಿಡಬೇಕಾಗಿಲ್ಲ. ನಾರು, ಜೀವಸತ್ವ ಇರುವುದೂ ಆ ಪದರದಲ್ಲೇ. ಶಿಶುಗಳ ವಿಷಯದಲ್ಲಿ ಮಾತ್ರ ಹೆಚ್ಚು ಜಾಗ್ರತೆ ಬೇಕು. ಅಮೆರಿಕದಲ್ಲಿ 2020ರಲ್ಲಿ ಶಿಶುಗಳ ಅಕ್ಕಿ ಆಹಾರಕ್ಕೆ ಕೆ.ಜಿ.ಗೆ 0.1 ಮಿಲಿಗ್ರಾಂ ನಿರವಯವ ಎಂದು ಇನ್ನೂ ಬಿಗಿಯಾದ ಮಟ್ಟ ಇಟ್ಟರು.

ನಮ್ಮ ಕರಾವಳಿಯ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕುಚ್ಚಲಕ್ಕಿಯನ್ನು ಚೆನ್ನಾಗಿ ತೊಳೆದು, ಧಾರಾಳ ನೀರಿನಲ್ಲಿ ಬೇಯಿಸಿ, ತಿಳಿ ಬಸಿದರೆ ನಿರವಯವ ಆರ್ಸೆನಿಕ್‌ನ ಒಳ್ಳೆಯ ಪಾಲು ಬಸಿದ ನೀರಿನ ಜೊತೆ ಹೋಗುತ್ತದೆ. ಅಳತೆ ನೀರಿಟ್ಟು ಕುಕ್ಕರಿನಲ್ಲಿ ಬೇಯಿಸಿದರೆ ಎಲ್ಲವೂ ಅನ್ನದಲ್ಲೇ ಉಳಿಯುತ್ತದೆ. ಗಂಜಿಯನ್ನು ತಿಳಿ ಸಮೇತ ಉಂಡರೂ ಹಾಗೆಯೇ. ಬಸಿಯುವಾಗ ಸ್ವಲ್ಪ ಬಿ ಜೀವಸತ್ವವೂ ಹೋಗುತ್ತದೆ ಎಂಬುದು ನಿಜ. ಬೇಳೆ, ಸೊಪ್ಪು, ಮೀನಿನಿಂದ ಅದನ್ನು ತುಂಬಿಕೊಳ್ಳಬಹುದು. ಆದರೆ ಬೇಯಿಸುವ ನೀರೇ ಕೆಟ್ಟದ್ದಾದರೆ ಬಸಿದು ಪ್ರಯೋಜನವಿಲ್ಲ. ಅನ್ನವೇ ನೀರಿನ ಆರ್ಸೆನಿಕ್ಕನ್ನು ಹೀರಿಕೊಳ್ಳುತ್ತದೆ.

7. ಸಮುದ್ರದ್ದೆಲ್ಲಾ ಒಂದೇ ಅಲ್ಲ

‘ಮೀನಿನಲ್ಲಿ ಇರುವುದು ನಿರುಪದ್ರವಿ’ ಎಂಬುದನ್ನು ಸಮುದ್ರದಿಂದ ಬಂದ ಎಲ್ಲದಕ್ಕೂ ಹಚ್ಚಬೇಡಿ. ಜಪಾನಿನಲ್ಲಿ ತಿನ್ನುವ ಹಿಜಿಕಿ ಎಂಬ ಸಮುದ್ರಪಾಚಿಯಲ್ಲಿ ನಿರವಯವ ಆರ್ಸೆನಿಕ್ಕೇ ಹೆಚ್ಚು. 2004ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆ ಅದನ್ನು ತಿನ್ನಬೇಡಿ ಎಂದು ಜನರಿಗೆ ಹೇಳಿತು. ನಾರ್ವೆಯ ಕೆಲವು ಕಡಲ್ಗಾಲುವೆಗಳ ಚಿಪ್ಪುಮೀನಿನಲ್ಲಿಯೂ ನಿರವಯವದ ಪಾಲು ಅನಿರೀಕ್ಷಿತವಾಗಿ ಹೆಚ್ಚು ಇದ್ದುದು 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕಂಡಿತು. ಊಹೆ ಸಾಲದು, ಅಳೆದೇ ನೋಡಬೇಕು ಎನ್ನುವುದು ಇದಕ್ಕೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಹಾರ ಕಾನೂನು ಇದನ್ನು ಅರ್ಥಮಾಡಿಕೊಂಡಿದೆ. ಅಲ್ಲಿ ಮೀನು, ಸಿಗಡಿಗಳಿಗೆ ಕೆ.ಜಿ.ಗೆ 2 ಮಿಲಿಗ್ರಾಂ, ಚಿಪ್ಪುಮೀನು ಮತ್ತು ಪಾಚಿಗೆ 1 ಮಿಲಿಗ್ರಾಂ ಎಂದು ಮಿತಿ ಇದೆ. ಅದು ಒಟ್ಟು ಆರ್ಸೆನಿಕ್‌ಗೆ ಅಲ್ಲ, ನಿರವಯವಕ್ಕೆ ಮಾತ್ರ.

ಇನ್ನೊಂದು ವಿಷಯ. ಈ ಪಾಠ ಆರ್ಸೆನಿಕ್ ಬಗ್ಗೆ ಮಾತ್ರ. ಶಾರ್ಕ್‌ನಂಥ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಇರಬಹುದಾದ್ದರಿಂದ ಬಸುರಿಯರು ಅವನ್ನು ಬಿಡುವುದು ಒಳ್ಳೆಯದು. ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಧೈರ್ಯವಾಗಿ ತಿನ್ನಬಹುದು.

8. ಲ್ಯಾಬಿನ ಕಾಗದ ಕೈಗೆ ಬಂದರೆ ಕೇಳಬೇಕಾದ ಐದು ಪ್ರಶ್ನೆಗಳು

1) ಇದು ಒಟ್ಟು ಆರ್ಸೆನಿಕ್ಕಾ, ನಿರವಯವ ಆರ್ಸೆನಿಕ್ಕಾ? ಒಟ್ಟು ಎಂದಿದ್ದರೆ ಮೀನಿನ ಬಗ್ಗೆ ಅದರಿಂದ ತೀರ್ಪು ಕೊಡಲಾಗದು.
2) ಹಸಿ ತೂಕದ ಲೆಕ್ಕವಾ, ಒಣ ತೂಕದ್ದಾ? ಮೀನಿನಲ್ಲಿ ಮುಕ್ಕಾಲು ಪಾಲು ನೀರೇ. ಒಣಗಿಸಿ ಅಳೆದರೆ ಸಂಖ್ಯೆ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ.
3) ಮಿಲಿಗ್ರಾಂ ಎಂದು ಬರೆದಿದೆಯಾ, ಮೈಕ್ರೋಗ್ರಾಂ ಎಂದಾ? ಇಲ್ಲಿ ತಪ್ಪಿದರೆ ಸಾವಿರ ಪಟ್ಟು ವ್ಯತ್ಯಾಸ.
4) ಯಾವ ಮಾದರಿ, ಯಾವ ದಿನ, ಎಲ್ಲಿಂದ ತಂದದ್ದು? ಮೊಬೈಲಿನ ಚಿತ್ರದಲ್ಲಿ ಇದು ಇರುವುದೇ ಇಲ್ಲ.
5) ಆ ಪರೀಕ್ಷೆಗೆ ಲ್ಯಾಬಿಗೆ ಎನ್.ಎ.ಬಿ.ಎಲ್. ಮಾನ್ಯತೆ ಉಂಟಾ?

ನೀರಿಗೆ ಇಟ್ಟ ಹಳದಿ ಬಣ್ಣದ ಕಾಗದದ ಕಿಟ್ ಮೀನಿಗೆ ಉಪಯೋಗಿಸಬೇಡಿ. ಆ ಕಿಟ್ ಆರ್ಸೆನಿಕ್ಕನ್ನು ಅನಿಲ ಮಾಡಿ ಬಣ್ಣ ತೋರಿಸುತ್ತದೆ. ಆರ್ಸೆನೋಬೀಟೈನ್ ಆ ರೀತಿ ಅನಿಲವಾಗುವುದಿಲ್ಲ. ಅದು ನೀರಿಗಾಗಿಯೇ ಮಾಡಿದ ಕಿಟ್.

ಯಾರಿಗಾದರೂ ಡಾಕ್ಟರು ಮೂತ್ರದ ಆರ್ಸೆನಿಕ್ ಪರೀಕ್ಷೆ ಬರೆದುಕೊಟ್ಟರೆ, ಮೀನು ತಿಂದ ದಿನವನ್ನು ತಪ್ಪದೆ ಹೇಳಿ. ಪರೀಕ್ಷೆಗೆ ಮೂರು ನಾಲ್ಕು ದಿನ ಮೊದಲೇ ಸಮುದ್ರದ ಮೀನು ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ನಿನ್ನೆಯ ಸಿಗಡಿ ಸುಕ್ಕದ ಆರ್ಸೆನೋಬೀಟೈನ್ ಒಟ್ಟು ಸಂಖ್ಯೆಯನ್ನು ಏರಿಸಿ, ಮನೆಯವರಿಗೆಲ್ಲ ನಿದ್ದೆ ಕೆಡಿಸುತ್ತದೆ.

9. ಚಿಂತನೆ

ಸಂತ ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಬಲೆಯ ಸಾಮತಿ ಇದೆ. ತುಂಬಿದ ಬಲೆಯನ್ನು ದಡಕ್ಕೆ ಎಳೆದ ಬೆಸ್ತರು ಕುಳಿತು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುತ್ತಾರೆ. ಗಮನಿಸಿ: ಕುಳಿತು ಮಾಡುತ್ತಾರೆ, ಅವಸರದಲ್ಲಿ ಅಲ್ಲ. ಇಡೀ ಬಲೆಯನ್ನು ಎಸೆಯುವುದೂ ಇಲ್ಲ, ಎಲ್ಲವನ್ನೂ ಕಣ್ಣು ಮುಚ್ಚಿ ಬುಟ್ಟಿಗೆ ಹಾಕುವುದೂ ಇಲ್ಲ. ಸುದ್ದಿಯ ವಿಷಯದಲ್ಲೂ ನಮಗೆ ಬೇಕಾದದ್ದು ಈ ತಾಳ್ಮೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸೀ’ ಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ನೆನಪಿಸಿದ್ದಾರೆ. ಹೆದರಿಕೆಯ ಬಲವನ್ನು ಮೀನು ಮಾರುವ ಅಕ್ಕನ ಮೇಲೆ ಖರ್ಚು ಮಾಡುವ ಬದಲು, ಪಂಚಾಯತಿಯಲ್ಲಿ ನೀರಿನ ವರದಿ ಕೇಳಲು ಬಳಸೋಣ.

10. ಸಂಘದಲ್ಲಿ ಚರ್ಚೆಗೆ

* ನಮ್ಮ ಊರಿನ ಕುಡಿಯುವ ನೀರನ್ನು ಕೊನೆಯದಾಗಿ ಯಾವಾಗ ಪರೀಕ್ಷಿಸಿದ್ದಾರೆ? ಆರ್ಸೆನಿಕ್ ನೋಡಿದ್ದಾರಾ? ಮುಂದಿನ ಗ್ರಾಮಸಭೆಯಲ್ಲಿ ಯಾರು ಕೇಳುತ್ತೀರಿ?
* ಹೆದರಿಕೆಯ ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಬಸುರಿ, ಬಾಣಂತಿ, ಮಕ್ಕಳ ಊಟದಿಂದ ಏನನ್ನಾದರೂ ತೆಗೆದಿದ್ದೇವಾ? ಅದರ ಬದಲು ಏನು ಕೊಟ್ಟೆವು?
* 4ನೇ ಭಾಗದ ಲೆಕ್ಕವನ್ನು ನಿಮ್ಮ ಮನೆಯ ಊಟದ ಅಳತೆಗೆ ಹಾಕಿ ಮಾಡಿ. ಮೀನಿನಿಂದ ಎಷ್ಟು, ಅಕ್ಕಿಯಿಂದ ಎಷ್ಟು, ನೀರಿನಿಂದ ಎಷ್ಟು?
* ಮಗುವಿಗೆ ದಿನಾ ಅಕ್ಕಿಯ ಗಂಜಿಯೊಂದೇ ಕೊಡುವ ಬದಲು ರಾಗಿ ಸರಿ, ಹೆಸರುಬೇಳೆ ಸೇರಿಸಿ ವಾರದ ಪಟ್ಟಿ ಮಾಡಿ. ಅಂಗನವಾಡಿ ಕಾರ್ಯಕರ್ತೆಯನ್ನೂ ಸಭೆಗೆ ಕರೆಯಿರಿ.

ಪ್ರೇರಕಿಯರು ಚರ್ಚೆಯ ಸಾರವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ನೀರಿನ ವರದಿ ಸಿಕ್ಕಿದ ಸಂಘಗಳು ಅದರ ಪ್ರತಿಯನ್ನು ಮುಂದಿನ ಒಕ್ಕೂಟದ ಸಭೆಗೆ ತನ್ನಿ. ಐದು ಪ್ರಶ್ನೆಗಳನ್ನು ಇಟ್ಟುಕೊಂಡು ಎಲ್ಲರೂ ಕೂಡಿ ಓದೋಣ.